ಶುವೈಖಿನಲ್ಲಿ ಐಸು

ರಾತ್ರಿ ಹನ್ನೊಂದಕ್ಕೂ ನಲವತ್ತೊಂದು ಡಿಗ್ರಿ.
ಗ್ಯಾರೇಜಿನ ಷಟರ್ ಮುಟ್ಟಿದರೆ
ಒಲೆಯಿಂದ ಆಗಷ್ಟೇ ಇಳಿಸಿದ ಕಾವಲಿ.
ಒಳಗೆ ಮಿಶಾಲನ ಬಿಳಿ ನಿಸ್ಸಾನ್, ಬಾನೆಟ್ ತೆರೆದು,
ಎದೆಯ ಮೇಲೆ ಹೊಸ ಸೂಪರ್‌ಚಾರ್ಜರ್ ಹೊತ್ತು ನಿಂತಿದೆ.

“ಇನ್ನೂ ಚಿಕ್ಕ ಪುಲ್ಲಿ ಹಾಕು,
ಇನ್ನಷ್ಟು ಗಾಳಿ ತುರುಕು” ಅನ್ನುತ್ತಾನೆ.
ಇಪ್ಪತ್ತಮೂರರ ಪ್ರಾಯ.
ಗಾಳಿ ಪುಕ್ಕಟೆ ಎಂದು ನಂಬುವ ಪ್ರಾಯ.

ಹರಕು ಅರಬ್ಬಿಯಲ್ಲಿ ಹೇಳಿದೆ:
ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳಿಟ್ಟು
ನಾಲ್ಕು ಸಲ ಒತ್ತಿ ನೋಡು ಮಾರಾಯ,
ಹಿಂಡಿದಷ್ಟೂ ಸಿಟ್ಟು ಅದಕ್ಕೆ.
ಅವನು ಸೈಕಲ್ಲಿಗೆ ಗಾಳಿ ಹೊಡೆದವನಲ್ಲ.
ಮೂಲೆಯಲ್ಲಿ ನುವಾನ್ ನಕ್ಕ. ಗಾಲೆಯವನು. ಹೊಡೆದವನು.

ಮೊನ್ನೆ ಆರನೇ ರಿಂಗ್ ರೋಡಿನಲ್ಲಿ
ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತಿದ್ದೆ.
ಎಂಜಿನ್ನಿನೊಳಗೆ ಹೋಗುವ ಗಾಳಿ
ಅರವತ್ತು, ಎಪ್ಪತ್ತೆರಡು, ಎಂಬತ್ತೆಂಟು.
ಅಲ್ಲಿಗೆ ಗಾಡಿಯ ಮಿದುಳಿಗೆ ಭಯ ಹತ್ತಿ
ಕಿಡಿಯನ್ನು ತಡಮಾಡಿತು, ಇನ್ನೂ ತಡಮಾಡಿತು,
ಪಿಸ್ಟನ್ ಒಡೆದುಕೊಳ್ಳುವುದಕ್ಕಿಂತ
ಪಕ್ಕದ ಹಳೇ ಕ್ಯಾಮ್ರಿಗೆ ಸೋಲುವುದೇ ವಾಸಿ ಎಂದು.
ಮಿಶಾಲ ಸ್ಟೇರಿಂಗಿಗೆ ಗುದ್ದಿದ.
ನನಗೆ ಆ ಯಂತ್ರದ ಮೇಲೆ ಮರ್ಯಾದೆ ಬಂತು.

ಪುಲ್ಲಿ ಮುಟ್ಟಲಿಲ್ಲ.
ಇಂಟರ್‌ಕೂಲರ್ ದೊಡ್ಡದು ಮಾಡಿದೆವು,
ಪೈಪುಗಳಿಗೆ ಬೆಳ್ಳಿ ಪಟ್ಟಿ ಸುತ್ತಿದೆವು,
ಡಿಕ್ಕಿಯಲ್ಲಿ ಇಪ್ಪತ್ತು ಲೀಟರಿನ ತೊಟ್ಟಿ.
ತೊಟ್ಟಿಗೆ ಐಸು.

ಐಸು ನನಗೆ ಗೊತ್ತು.
ಗಂಗೊಳ್ಳಿಯ ದಕ್ಕೆಯಲ್ಲಿ ಬೆಳಗಿನ ಮೂರಕ್ಕೆ
ಆಳೆತ್ತರದ ಗಡ್ಡೆಗಳನ್ನು ಕ್ರಷರಿಗೆ ಉಣಿಸಿದ ಕೈ ಇದು.
ಒಂದು ಸಾಲು ಬಂಗುಡೆ, ಒಂದು ಸಾಲು ಐಸು,
ಮತ್ತೊಂದು ಸಾಲು ಬಂಗುಡೆ.
ಅಪ್ಪ ಹೇಳುತ್ತಿದ್ದ:
“ತಂಪ್ ಕೊಡುಕ್ ಆತಿಲ್ಲ ಮಾಣಿ,
ಬಿಸಿ ತೆಗುಕ್ ಮಾತ್ರ ಆತ್.”
ಆಮೇಲೆ ಒಂದು ಮುಷ್ಟಿ ಉಪ್ಪು ಎರಚುತ್ತಿದ್ದ,
ಇನ್ನಷ್ಟು ಕೊರೆಯಲಿ ಎಂದು.
ಉಪ್ಪು ಅಲ್ಯುಮಿನಿಯಂ ತಿನ್ನುತ್ತದೆ. ಇಲ್ಲಿ ಹಾಕಲಿಲ್ಲ.
ಕೈ ಮಾತ್ರ ಎರಡು ಸಲ ಜೇಬಿನ ಕಡೆ ಹೋಯಿತು.

ಶರ್ಖಿನ ಮೀನು ಮಾರುಕಟ್ಟೆಯಲ್ಲಿ
ಐಸಿನವನು ಕೇಳಿದ, ಯಾವ ಮೀನಿಗೆ?
ಗಾಳಿಗೆ, ಅಂದೆ.
ಅವನು ರಶೀದಿಯಲ್ಲಿ ‘ಜುಬೈದಿ’ ಎಂದು ಬರೆದ.

ವಫ್ರಾದ ಆಚೆ ಮರಳಿನ ಏರು.
ಟಯರಿನ ಗಾಳಿ ಅರ್ಧ ಇಳಿಸಿ ಹೊರಟೆವು.
ಬೆಲ್ಟು ಸಿಳ್ಳೆ ಹೊಡೆಯಿತು, ಮೂಗು ಆಕಾಶಕ್ಕೆ ಎದ್ದಿತು,
ನಾನು ಹೊರಗೆ ನೋಡಲೇ ಇಲ್ಲ:
ಮೂವತ್ತಮೂರು. ಮೂವತ್ತನಾಲ್ಕು. ಮೂವತ್ತನಾಲ್ಕು.
ಈ ಊರಿನಲ್ಲಿ ಯಾರೂ ಉಸಿರಾಡದ ಗಾಳಿಯನ್ನು
ಒಂದು ಎಂಜಿನ್ ಉಸಿರಾಡುತ್ತಿತ್ತು.

ತುದಿ ಮುಟ್ಟಿ, ಕೂಗಿ, ಮಿಶಾಲ ಕೀಲಿ ತಿರುಗಿಸಿಬಿಟ್ಟ.

ಮೌನ. ಆಗ ಶುರುವಾಯಿತು
ಯಾರೂ ಏನೂ ಮಾಡದೆಯೇ ಏರುವ ಅಂಕಿ:
ನಲವತ್ತೇಳು, ಐವತ್ತೈದು, ಅರವತ್ತಮೂರು.
ಓಡುವಾಗ ಅಲ್ಲ, ನಿಂತ ಮೇಲೆ ಕುದಿಯುತ್ತದೆ ಕಬ್ಬಿಣ.
ಶುಕ್ರವಾರ ಮಧ್ಯಾಹ್ನ, ರೂಮಿನಲ್ಲಿ ಸುಮ್ಮನೆ ಮಲಗಿದಾಗ
ನನಗೂ ಹಾಗೇ ಆಗುತ್ತದೆ.
ಅದಕ್ಕೇ ಪಂಪಿನ ವೈರು ನೇರ ಬ್ಯಾಟರಿಗೆ ಕೊಟ್ಟಿದ್ದೆ.
ಗಾಡಿ ಸತ್ತ ಮೇಲೂ ಹತ್ತು ನಿಮಿಷ
ಕತ್ತಲಲ್ಲಿ ಗುಂಯ್‌ಗುಟ್ಟುತ್ತ ನೀರು ಸುತ್ತಿಸಿತು.

“ಏನಿದು ನಾತ?” ಮಿಶಾಲ ಮೂಗು ಹಿಡಿದ.
ನುವಾನ್ ತೊಟ್ಟಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ.
ಐಸಿಲ್ಲ. ಬರೀ ನೀರು.
ಎರಡೆರಡು ಬಟ್ಟೆಯಲ್ಲಿ ಸೋಸಿದ್ದರೂ ನುಸುಳಿದ
ಒಂದೇ ಒಂದು ಹುರುಪೆ
ಹತ್ತು ಪೈಸೆಯ ಹಾಗೆ ಹೊಳೆಯುತ್ತ ತೇಲುತ್ತಿತ್ತು.

ಬೈದ. ನಾಳೆ ತೊಳೆದುಕೊಡುತ್ತೇನೆ ಅಂದೆ.
ಅವನು ಫೋನು ಹಿಡಿದು ಅತ್ತ ಹೋದಾಗ
ಎರಡು ಬೊಗಸೆ ಎತ್ತಿ ಮುಖಕ್ಕೆ ಹಾಕಿಕೊಂಡೆ.
ಇನ್ನೂ ತಣ್ಣಗಿತ್ತು.
ಎಷ್ಟು ಡಿಗ್ರಿಯೋ, ಅಳೆಯಲಿಲ್ಲ.